ಪರದೇಶದಲ್ಲಿ ಬಾಡಿಗೆಯ ಕಾರು

ಹೊಸಪೇಟೆಯಿಂದ ಕಡ್ಡಿರಾಂಪುರದ ಮೇಲೆ ಹಂಪಿಗೆ ಕಾರು ನಡೆಸುವವರು ರಸ್ತೆಯ ಎಡಬದಿಯನ್ನು ಯೋಚಿಸಿ ಹಿಡಿಯುವುದಿಲ್ಲ. ಅದು ಕೈಗೆ ಮೈಗೂಡಿದ ಅಭ್ಯಾಸ. ಅಮೆರಿಕದಲ್ಲಿ ನೆಲೆಸಿರುವ ಮಕ್ಕಳನ್ನು ಕಾಣಹೋಗಿ, ಅಗ್ಗದ ಸಣ್ಣ ಕಾರೊಂದನ್ನು ಬಾಡಿಗೆಗೆ ಹಿಡಿದಾಗ ಈ ಅಭ್ಯಾಸವೇ ಅಪಾಯಕ್ಕೆ ಎಡೆಗೊಡುತ್ತದೆ.

1949ರ ಜಿನೀವಾ ಒಪ್ಪಂದಕ್ಕನುಗುಣವಾಗಿ ನಮ್ಮ ಸಾರಿಗೆ ಕಚೇರಿ ನೀಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯ ಅವಧಿ ಹೆಚ್ಚೆಂದರೆ ಒಂದು ವರ್ಷ. ಆದರೆ ಕಾಗದವು ಅಭ್ಯಾಸವನ್ನು ಬದಲಿಸಲಾರದು. ಅಲ್ಲಿ ಸ್ಟಿಯರಿಂಗ್ ಎಡಕ್ಕೆ, ಸಂಚಾರ ಬಲಕ್ಕೆ. ಬ್ರೇಕು, ಆಕ್ಸಿಲರೇಟರುಗಳ ಕ್ರಮ ನಮ್ಮಲ್ಲಿರುವಂತೆಯೇ. ಕ್ಲಚ್ಚು ಮಾತ್ರ ಸಾಮಾನ್ಯವಾಗಿ ಇರದು. ಅದನ್ನು ಹುಡುಕುವ ಎಡಗಾಲು ಬ್ರೇಕನ್ನು ತುಳಿದೀತು! ಇಂಡಿಕೇಟರಿನ ಹಿಡಿ ಎಡಗೈಯ ಕಡೆಗಿರುವುದರಿಂದ, ತಿರುವಿನಲ್ಲಿ ದೀಪ ಮಿನುಗುವ ಬದಲು ಒಣಗಾಜಿನ ಮೇಲೆ ವೈಪರು ಓಡುವುದುಂಟು. ವೇಗದ ಫಲಕವು ಮೈಲಿಯ ಲೆಕ್ಕದ್ದು. 55 ಎಂದರೆ ನಮ್ಮ 88 ಕಿಲೋಮೀಟರು.

ವಾಹನಗಳು ದಟ್ಟವಾಗಿರುವಲ್ಲಿ ತಪ್ಪು ಕಡಿಮೆ. ಮುಂದಿನ ಕಾರೇ ದಾರಿ ತೋರುತ್ತದೆ. ನಿರ್ಜನ ರಸ್ತೆಯಲ್ಲಿ, ಪೆಟ್ರೋಲ್ ಬಂಕಿನಿಂದ ಹೊರಬರುವಾಗ, ಎಡಕ್ಕೆ ಹೊರಳುವಾಗ ಹಳೆಯ ರೂಢಿ ತಲೆಯೆತ್ತುತ್ತದೆ. ಆಗ ನೆನೆಯಬೇಕಾದ ಸೂತ್ರ ಒಂದೇ: ರಸ್ತೆಯ ನಡುಗೆರೆ ಚಾಲಕನ ಮಗ್ಗುಲಿಗಿರಬೇಕು, ಅಂಚು ಅವನಿಂದಾಚೆಗಿರಬೇಕು. ಎಡಬಲಗಳು ಅದಲುಬದಲಾದರೂ ಈ ಸೂತ್ರ ಎರಡೂ ನಾಡುಗಳಿಗೆ ಸಲ್ಲುತ್ತದೆ.