ಅರ್ಧ ಇಂಚಿಗಿಂತ ಚೂರು ಅಗಲ

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದು 1923ರಲ್ಲಿ. ಅಲ್ಲಿ ದುಡಿದವರ ಮನೆಯಲ್ಲಿ ಬೆಳೆದ ನನಗೆ ಉಕ್ಕು ಕಂಡರೆ ಮುಟ್ಟಿ ನೋಡುವ ಚಾಳಿ. ಶಿವಮೊಗ್ಗದ ಸಲೂನುಗಳಲ್ಲಿ ಈಗ ಅರ್ಧ ಬ್ಲೇಡು ಸಿಕ್ಕಿಸಿ ಗಡ್ಡ ತೆಗೆಯುವುದೇ ರೂಢಿ. ಸೋಂಕಿನ ಭಯಕ್ಕೆ ಅದು ಸರಿಯೇ. ಮನೆಯಲ್ಲಿ ಮಾತ್ರ ನನ್ನದು ಹಳೇ ಮಡಚುಕತ್ತಿ.

ಇವುಗಳ ಅಗಲ ಅಳೆಯುವುದು ಇಂಚಿನ ಎಂಟನೇ ಭಾಗದ ಲೆಕ್ಕದಲ್ಲಿ. ನನಗೆ ಹೊಂದುವುದು 5/8, ಅಂದರೆ ಸುಮಾರು 16 ಮಿಲಿಮೀಟರ್. 7/8ರದ್ದು ನೊರೆಯನ್ನು ಹೆಚ್ಚು ಹೊರುತ್ತದೆ, ತನ್ನ ಭಾರಕ್ಕೇ ಕೆನ್ನೆಯ ಮೇಲೆ ಜಾರುತ್ತದೆ. ಆದರೆ ಮೂಗಿನ ಕೆಳಗೆ ಅದನ್ನು ಹೊರಳಿಸುವುದೆಂದರೆ ಓಣಿಯಲ್ಲಿ ಲಾರಿ ತಿರುಗಿಸಿದಂತೆ.

ಅಗಲಕ್ಕಿಂತ ದೊಡ್ಡ ತಗಾದೆ ಸಾಣೆಯದ್ದು. ಇಂಗ್ಲೆಂಡಿನ ಶೆಫೀಲ್ಡಿನ ಹಳೇ ಕತ್ತಿಗಳು ಬೆಣೆಯಾಕಾರ: ಬೆನ್ನು ದಪ್ಪ, ಅಲ್ಲಿಂದ ಬಾಯಿವರೆಗೆ ನೇರ ಇಳಿಜಾರು. ಎಂಥ ಒರಟು ಗಡ್ಡಕ್ಕೂ ಬಗ್ಗುವುದಿಲ್ಲ. ಮಸೆಯುವಾಗ ಮಾತ್ರ ಇಡೀ ಪಕ್ಕ ಕಲ್ಲಿಗೆ ತಾಗಿ ತೋಳು ಸೋಲುತ್ತದೆ. ಜರ್ಮನಿಯ ಸೋಲಿಂಗೆನ್ ಹೆಸರಾದದ್ದು ಎರಡೂ ಪಕ್ಕ ಗುಳಿ ತೆಗೆದ ಕತ್ತಿಗೆ. ಅದರಲ್ಲಿ ಕಲ್ಲಿಗೆ ತಾಗುವುದು ಬೆನ್ನು, ಬಾಯಿ ಎರಡೇ. ಬೆನ್ನಿನ ದಪ್ಪವೇ ಕೋನ ಕಾಯುತ್ತದೆ. ಬಾಯಿಯ ಹತ್ತಿರ ಅಲಗು ಎಷ್ಟು ತೆಳುವೆಂದರೆ, ಕೂದಲು ಕತ್ತರಿಸುವಾಗ ಸಣ್ಣಗೆ ಚರಚರ ಕೇಳುತ್ತದೆ. ಆ ಸದ್ದಿಗೇ ಮನಸೋತವರುಂಟು.

ನನ್ನ ಆಯ್ಕೆ ಇವೆರಡರ ನಡುವಿನ ಅರೆಗುಳಿ. ತುದಿ ದುಂಡಗಿರಬೇಕು, ಚೌಕ ತುದಿ ಕಿವಿಯ ಬುಡದಲ್ಲಿ ಗೆರೆ ಚೆನ್ನಾಗಿ ಎಳೆಯುತ್ತದೆ ನಿಜ, ಚರ್ಮವನ್ನೂ ಅಷ್ಟೇ ಚೆನ್ನಾಗಿ ಗೀರುತ್ತದೆ. ಹಳೇ ಕತ್ತಿ ಕೊಳ್ಳುವವರು ಹಿಡಿಯ ಹೊಳಪಿಗೆ ಮರುಳಾಗದೆ, ಬಾಯಿಯ ಅಂಚಿನಲ್ಲಿ ತುಕ್ಕು ತಿಂದ ಗುರುತಿದೆಯೇ ನೋಡಿ. ಇದ್ದರೆ ಚೌಕಾಸಿಗೂ ಇಳಿಯಬೇಡಿ.