ಕೈಯಿಂದ ಕೈಗೆ ಹೋಗಬೇಕಾದ ಎರಡು ಕಾದಂಬರಿಗಳು

ಒಳ್ಳೆಯ ಕಾದಂಬರಿಯನ್ನು ಓದಿ ಮುಗಿಸಿದವನು ಅದನ್ನು ಇನ್ನೊಬ್ಬರ ಕೈಗಿಡದೆ ಸುಮ್ಮನಿರಲಾರ. ತ್ರಿವೇಣಿಯವರ ‘ಶರಪಂಜರ’, ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಅಂತಹ ಎರಡು ಕೃತಿಗಳು. ಬಾಣಂತನದಲ್ಲಿ ಚಿತ್ತವಿಭ್ರಮೆಗೆ ತುತ್ತಾದ ಕಾವೇರಿ ಆಸ್ಪತ್ರೆಯಿಂದ ಗುಣಮುಖಳಾಗಿಯೇ ಮರಳುತ್ತಾಳೆ. ಆದರೆ ಮನೆಯವರ ಸಂಶಯಕ್ಕೆ ಮದ್ದೆಲ್ಲಿ? ಆ ಸಂಶಯವೇ ಅವಳನ್ನು ಮತ್ತೆ ಕೆಡವುತ್ತದೆ. ಮನಶ್ಶಾಸ್ತ್ರವನ್ನು ಅಭ್ಯಸಿಸಿದ್ದ ತ್ರಿವೇಣಿ (1928–1963) ಈ ನೋವನ್ನು ಒಳಗಿನಿಂದ ಕಂಡವರು.

ಫಣಿಯಮ್ಮನಾದರೋ ಬಾಲ್ಯದಲ್ಲೇ ವೈಧವ್ಯಕ್ಕೊಳಗಾಗಿ ಬಾಳೆಲ್ಲವನ್ನೂ ಮಡಿಯಲ್ಲಿ ಸವೆಸಿದವಳು. ಆದರೂ ತಲೆ ಬೋಳಿಸಿಕೊಳ್ಳಲೊಪ್ಪದ ತರುಣ ವಿಧವೆಯ ಪರವಾಗಿ ನಿಲ್ಲುತ್ತಾಳೆ. ಲೇಖಕಿಯ ಬಂಧುವೊಬ್ಬರ ನಿಜಜೀವನವೇ 1976ರ ಈ ಕೃತಿಗೆ ಆಧಾರ. ಮೊದಲನೆಯದನ್ನು ಓದುವಾಗ ಕಣ್ಣು ತೇವಗೊಂಡೀತು. ಎರಡನೆಯದನ್ನು ಮುಗಿಸಿದಾಗ ತಲೆ ತಾನಾಗಿಯೇ ಬಾಗೀತು. ಇವನ್ನಿನ್ನೂ ಓದದ ವಾಚಕರ ಭಾಗ್ಯವೇ ಭಾಗ್ಯ!