ಕೊಲ್ಲದೆ ಕಾಣುವ ಬೆಳಕು

ಅರಕೇರಿಯ ಕಡೆಯಿಂದ ವಿಜಯಪುರಕ್ಕೆ ಬಂದವರು ಗೋಳಗುಮ್ಮಟವನ್ನು ಹತ್ತದೆ ಹಿಂದಿರುಗುವುದು ಅಪರೂಪ. ಅಲ್ಲಿಯ ಪಿಸುಮಾತಿನ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಆಡಿದ ಮಾತು ಎದುರುಬದಿಯಲ್ಲಿ ನಿಂತವರ ಕಿವಿಗೆ ಬೀಳುತ್ತದೆ. ಆದರೆ ಶಾಲೆಯ ಹುಡುಗರ ದಂಡೊಂದು ಮೇಲೇರಿ ಬಂದಿತೋ, ಆ ಪಿಸುಮಾತು ಗದ್ದಲದಲ್ಲಿ ಮುಳುಗಿಹೋಯಿತು. ಆಗ ಮಾತು ಕೇಳಿಸಬೇಕಾದರೆ ಎರಡೇ ಹಾದಿ: ಕೂಗುವುದು, ಇಲ್ಲವೇ ಗದ್ದಲವನ್ನು ಅಡಗಿಸುವುದು.

ಸೂಕ್ಷ್ಮದರ್ಶಕದ ಮುಂದೆ ಕುಳಿತ ಜೀವವಿಜ್ಞಾನಿಯ ಪಾಡೂ ಇದೇ. ಬೆಳಕೆಂಬುದು ಫೋಟಾನ್ ಕಣಗಳ ಸುರಿಮಳೆ. ತಗಡಿನ ಮಾಡಿನ ಮೇಲಣ ಹನಿಗಳಂತೆ ಅವು ಒಮ್ಮೆ ದಟ್ಟವಾಗಿ, ಒಮ್ಮೆ ತೆಳುವಾಗಿ ಬೀಳುತ್ತವೆ. ಈ ಏರುಪೇರೇ ಬೆಳಕಿನ ಗದ್ದಲ. ಜೀವಕೋಶದಿಂದ ಬರುವ ಕ್ಷೀಣವಾದ ಸುಳಿವು ಅದರಲ್ಲಿ ಹೂತುಹೋಗುತ್ತದೆ. ಬೆಳಕನ್ನು ಹೆಚ್ಚಿಸಬಹುದಲ್ಲವೇ ಎಂದರೆ, ಸ್ಪಷ್ಟತೆ 2 ಪಟ್ಟಾಗಲು ಬೆಳಕು 4 ಪಟ್ಟಾಗಬೇಕು. ಲೇಸರಿನ ಅಂಥ ಪ್ರಖರತೆಯನ್ನು ಜೀವಕೋಶ ತಾಳಲಾರದು. ಬದುಕನ್ನು ಕಾಣಹೊರಟವನು ಹೆಣವನ್ನು ಕಂಡು ಬರುವಂತಾಗುತ್ತದೆ!

ಎರಡನೆಯ ಹಾದಿಯನ್ನು ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾನಿಲಯದ ವಾರ್ವಿಕ್ ಬೋವೆನ್ ಮತ್ತು ಸಂಗಡಿಗರು 2021ರಲ್ಲಿ ತೋರಿಸಿಕೊಟ್ಟರು. ಲೇಸರ್ ಕಿರಣವನ್ನು ವಿಶಿಷ್ಟವಾದ ಸ್ಫಟಿಕವೊಂದರ ಮೂಲಕ ಹಾಯಿಸಿ ಅವರು ಪಡೆದದ್ದು ‘ಹಿಂಡಿದ ಬೆಳಕು’. ಇದರಲ್ಲಿ ಏರುಪೇರು ಪೂರ್ತಿ ಮಾಯವಾಗುವುದಿಲ್ಲ. ನೆಂಟರು ಬಂದಾಗ ಹರಡಿದ ಸಾಮಾನನ್ನೆಲ್ಲ ಒಳಕೋಣೆಗೆ ನೂಕುವಂತೆ, ಅಳತೆಗೆ ಬೇಡವಾದ ಕಡೆಗೆ ಅದನ್ನು ತಳ್ಳಲಾಗುತ್ತದೆ. ಈ ಬೆಳಕಿನಲ್ಲಿ ಯೀಸ್ಟ್ ಜೀವಕೋಶಗಳನ್ನು ನೋಡಿದಾಗ, ಅವುಗಳಿಗೆ ಹಾನಿಯಾಗದಂತೆಯೇ ಗದ್ದಲಕ್ಕೆ ಹೋಲಿಸಿದ ಸುಳಿವಿನ ಪ್ರಮಾಣ ಶೇಕಡಾ 35ರಷ್ಟು ಹೆಚ್ಚಿತು. ಅಂಕಿ ಸಣ್ಣದೆನ್ನಿಸೀತು. ಆದರೆ ಬೆಳಕನ್ನು ಇನ್ನು ಒಂದಿಷ್ಟೂ ಏರಿಸುವಂತಿಲ್ಲ ಎಂಬಲ್ಲಿ ದೊರೆತ ಲಾಭ ಅದು.

ಕನ್ನಡಿಗರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಆ ಯಂತ್ರದ ಜೀವಾಳವೇ ರಾಮನ್ ಪರಿಣಾಮ. ಅಣುವಿಗೆ ತಗುಲಿದ ಬೆಳಕು ಅದರ ಕಂಪನಕ್ಕೆ ತನ್ನ ಶಕ್ತಿಯಲ್ಲಿ ಒಂದು ಪಾಲನ್ನು ತೆತ್ತು ಬಣ್ಣ ಬದಲಿಸುತ್ತದೆ. ಆ ಬದಲಾವಣೆಯಿಂದ, ಜೀವಕೋಶಕ್ಕೆ ಬಣ್ಣ ಹಚ್ಚದೆಯೇ, ಅಣು ಯಾವುದೆಂದು ತಿಳಿಯಬಹುದು. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಇದನ್ನು ಕಂಡ ಸಿ. ವಿ. ರಾಮನ್ನರು 1933ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. ಅವರು 1948ರಲ್ಲಿ ಸ್ಥಾಪಿಸಿದ ಸಂಶೋಧನಾ ಸಂಸ್ಥೆಯಲ್ಲಿ ಇಂದು ಕ್ವಾಂಟಮ್ ಬೆಳಕಿನ ಪ್ರಯೋಗಗಳು ನಡೆಯುತ್ತಿವೆ.

ಇನ್ನೊಂದು ಬಗೆಯ ಪ್ರಯತ್ನ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ 2023ರಲ್ಲಿ ನಡೆಯಿತು. ಅಲ್ಲಿ ಹೆಣೆದುಕೊಂಡ ಫೋಟಾನ್ ಜೋಡಿಗಳನ್ನು ಬಳಸಿ, ಸೂಕ್ಷ್ಮ ವಿವರಗಳನ್ನು ಬಿಡಿಸಿ ತೋರುವ ಶಕ್ತಿಯನ್ನು ಇಮ್ಮಡಿಗೊಳಿಸಿದರು. ಆದರೆ ಅಂಥ ಜೋಡಿಗಳು ಹುಟ್ಟುವುದೇ ವಿರಳ. ಚಿತ್ರ ಮೂಡಲು ಹೊತ್ತು ಹಿಡಿಯುತ್ತದೆ. ಹಿಂಡಿದ ಬೆಳಕಿಗೂ ಅದರದೇ ಆದ ತೊಡಕು: ಮಸೂರ, ಕನ್ನಡಿಗಳಲ್ಲಿ ಕಣಗಳು ಸೋರಿದಷ್ಟೂ ಅದು ಮತ್ತೆ ಸಾಮಾನ್ಯ ಬೆಳಕಿನಂತಾಗುತ್ತ ಹೋಗುತ್ತದೆ.